ಹೆಜ್ಜೇನಿನ ಪರ ಮಾತಾಡಿದ ಕಲ್ಯಾಣಮ್ಮ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಕಲ್ಯಾಣಮ್ಮನವರ ದನಿಯನ್ನು ಸರಿಯಾಗಿ ಕೇಳಿದವರೇ ಕಡಿಮೆ. ತುಮಕೂರಿನ ಕಡೆಯಿಂದ ಮದುವೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅಕ್ಕಪಕ್ಕದ ನಾಲ್ಕು ಮನೆ ಬಿಟ್ಟು ಬೇರೆ ಯಾರ ಬಾಗಿಲನ್ನೂ ಅವರು ತಟ್ಟಿದ್ದಿಲ್ಲ. ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡಬೇಕಾದರೂ ಗಂಡನನ್ನೇ ಮುಂದೆ ಬಿಡುತ್ತಿದ್ದರು. ಗಂಡ ರೇವಣಸಿದ್ದಯ್ಯನವರಿಗೆ ತರಗುಪೇಟೆಯಲ್ಲಿ ಗೋಣಿಚೀಲ, ಹಗ್ಗದ ಅಂಗಡಿ. ಅವರ ತಾತನ ಕಾಲದಿಂದ ನಡೆದುಕೊಂಡು ಬಂದದ್ದು. ಒಬ್ಬನೇ ಮಗ ಶರಣ್ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು, ಅಪ್ಪ ಅಮ್ಮನ ಜೊತೆಯಲ್ಲೇ ಇದ್ದ. ರೇವಣಸಿದ್ದಯ್ಯನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಹೆಗಲಿಗೊಂದು ಟವಲ್ ಹಾಕಿಕೊಂಡು ನಡೆದೇ ಅಂಗಡಿಗೆ ಹೋಗುವವರು. ಮೊಣಕಾಲು ನೋವು ಶುರುವಾದ ಮೇಲೆ ಆಟೋದಲ್ಲಿ ಹೋಗಿ ಅಂತ ಮಗ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಹೊಂಗೆಮರಗಳು ಹೂ ಬಿಡುತ್ತಿದ್ದ ಮಾರ್ಚ್ ತಿಂಗಳು. ಪಕ್ಕದ ರಸ್ತೆಯಲ್ಲಿ ಹೊಸದಾಗಿ ಎದ್ದಿದ್ದ ಕಟ್ಟಡದ ಮೇಲಿನ ಸಜ್ಜದ ಕೆಳಗೆ ಹೆಜ್ಜೇನು ಗೂಡು ಕಟ್ಟಿತ್ತು. ಮೊರದಷ್ಟು ಅಗಲದ ಒಂದೇ ಮೇಣದ ಎರಿ, ಅದರ ಮೇಲೆ ಕಪ್ಪಗೆ ಕವಿದುಕೊಂಡ ಹುಳುಗಳು. ಆ ಮನೆಯವರು ಮಗಳ ನಿಶ್ಚಿತಾರ್ಥವನ್ನು ತಾರಸಿಯ ಮೇಲೆ ಇಟ್ಟುಕೊಂಡಿದ್ದರು. ಶಾಮಿಯಾನ ಹಾಕುವವರು ಜೇನು ನೋಡಿ ಹಿಂದೇಟು ಹಾಕಿದಾಗ ಔಷಧಿ ಹೊಡೆಯುವ ಕಂಪನಿಗೆ ಫೋನ್ ಹೋಯಿತು. ಕಂಪನಿಯವನು ಕತ್ತಲಾದ ಮೇಲೆ ಬರುತ್ತೇನೆಂದನಂತೆ. ಮಧ್ಯಾಹ್ನಕ್ಕೆ ನೆಂಟರು ಬರುತ್ತಾರೆ, ಈಗಲೇ ಆಗಬೇಕು ಎಂದು ಇವರು ಹಟ ಹಿಡಿದರು. ಪಂಪಿನಿಂದ ಔಷಧಿ ಚಿಮ್ಮಿದ್ದೇ ತಡ, ಅರ್ಧ ಹುಳುಗಳು ಉದುರಿದವು, ಮಿಕ್ಕವು ಎದ್ದವು. ಆ ಹೊತ್ತಿಗೆ ರೇವಣಸಿದ್ದಯ್ಯನವರು ಆ ಕಟ್ಟಡದ ಮುಂದೆ ಬಂದಿದ್ದರು.

ಆಸ್ಪತ್ರೆಗೆ ಸೇರಿಸಿದಾಗ ಮುಖ ಗುರುತು ಸಿಗದಷ್ಟು ಊದಿತ್ತು. ಸಂಜೆಯೊಳಗೆ ಹೋಗಿಬಿಟ್ಟರು. ರುದ್ರಭೂಮಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಕಲ್ಯಾಣಮ್ಮ ಅಳಲಿಲ್ಲ. ಗೋಡೆಯ ಮೇಲೆ ಒಂದು ನೊಣ ಕೂತರೂ ಬೆಚ್ಚಿ ಕಿಟಕಿ ಮುಚ್ಚುತ್ತಿದ್ದರು.

ಶರಣನ ದುಃಖ ಸಿಟ್ಟಾಗಿ ತಿರುಗಿತು. ನಮ್ಮ ಬಡಾವಣೆಯಲ್ಲಿ ಒಂದು ಜೇನುಗೂಡೂ ಉಳಿಯಬಾರದು ಎಂದು ಅವನು ಮನೆಮನೆಗೆ ಹೋಗಿ ಜನರನ್ನು ಸೇರಿಸಿದ. ರಸ್ತೆಯವರೆಲ್ಲ ಹೆದರಿದ್ದೆವು, ಎಲ್ಲರೂ ಹೂಂ ಅಂದೆವು. ಅಮ್ಮನನ್ನೂ ಕೇಳಿದ. ಸುಟ್ಟುಬಿಡಿ ಅಂದರಂತೆ ಅವರು. ಹಾಗಂದದ್ದನ್ನು ಆಮೇಲೆ ಎಂದೂ ಮುಚ್ಚಿಡಲಿಲ್ಲ. ಮುಂದೆ ಜೇನಿನ ಪರ ಮಾತಾಡಲು ಹೋದ ಮನೆಗಳಲ್ಲೂ ಅದನ್ನು ಹೇಳುತ್ತಿದ್ದರು.

ಮೈದಾನದ ಪಕ್ಕ ಒಂದು ಹಳೆಯ ಬೂರುಗದ ಮರವಿತ್ತು. ಅದರ ಕೊಂಬೆಗಳಲ್ಲಿ ಪ್ರತಿವರ್ಷ ನಾಲ್ಕೈದು ಗೂಡುಗಳು ತೂಗುತ್ತಿದ್ದವು. ಶರಣ್ ಕರೆಸಿದ ಜನ ಬೆಳಗಿನ ನಸುಕಿನಲ್ಲಿ ಬಂದು, ರಸ್ತೆಗೆ ಅಡ್ಡ ಹಗ್ಗ ಕಟ್ಟಿ, ಉದ್ದನೆಯ ಕೊಳವೆಯಿಂದ ಎಲ್ಲ ಗೂಡುಗಳಿಗೂ ಔಷಧಿ ಹೊಡೆದು ಹೋದರು. ಈ ಸಲ ಯಾರಿಗೂ ಏನೂ ಆಗಲಿಲ್ಲ. ಕಣ್ಣಾರೆ ನೋಡಬೇಕೆಂದು ಕಲ್ಯಾಣಮ್ಮ ಬೆಳಕು ಹರಿದ ಮೇಲೆ ಮರದ ಹತ್ತಿರ ಹೋದರು. ಗಂಡ ತೀರಿಕೊಂಡ ಮೇಲೆ ಅವರು ಒಬ್ಬರೇ ಹೊಸಿಲು ದಾಟಿದ್ದು ಅದೇ ಮೊದಲು.

ನೆಲದ ತುಂಬ ಹುಳುಗಳು. ಕೆಲವು ಸತ್ತಿದ್ದವು, ಹೆಚ್ಚಿನವು ಸತ್ತಿರಲಿಲ್ಲ. ಬೆನ್ನ ಮೇಲೆ ಬಿದ್ದು ಕಾಲಾಡಿಸುತ್ತ, ಇದ್ದಲ್ಲೇ ಸುತ್ತುತ್ತ ಇದ್ದವು. ಪೌರಕಾರ್ಮಿಕರು ಬಂದು ಎಲೆ ಗುಡಿಸಿದ ಹಾಗೆ ಗುಡಿಸಿ ಗುಡ್ಡೆ ಮಾಡಿದರು. ಕಲ್ಯಾಣಮ್ಮ ಹೊರಡಬೇಕು ಅಂದುಕೊಳ್ಳುವಷ್ಟರಲ್ಲಿ ಮೇಲೆ ಸದ್ದು ಕೇಳಿಸಿತು. ಔಷಧಿ ಹೊಡೆಯುವ ಮುಂಚೆಯೇ ಹೂವಿಗೆ ಹೋಗಿದ್ದ ಜೇನುಗಳು ವಾಪಸು ಬರುತ್ತಿದ್ದವು. ಹಿಂಗಾಲುಗಳಲ್ಲಿ ಹಳದಿ ಪರಾಗದ ಉಂಡೆ ಮೆತ್ತಿಕೊಂಡು ಬಂದು, ಕೊಂಬೆ ಸುತ್ತ ಹಾರಾಡಿ, ಔಷಧಿ ತೊಯ್ದ ಖಾಲಿ ಎರಿಯ ಮೇಲೆ ಕೂತವು. ಕೂತು ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಉದುರಿದವು. ಮಧ್ಯಾಹ್ನದವರೆಗೂ ಹೀಗೇ ಬರುತ್ತಲೇ ಇದ್ದವು, ಬೀಳುತ್ತಲೇ ಇದ್ದವು.

ಮನೆಗೆ ಬಂದು ಅವರು ಊಟಕ್ಕೆ ಕೂತವರು ಎದ್ದುಬಿಟ್ಟರು. ಗಂಡ ಹೋದ ಮೇಲೆ ಮೊದಲ ಸಲ ಅತ್ತದ್ದು ಆ ಮಧ್ಯಾಹ್ನ. ಅಪ್ಪನ ನೆನಪಾಯಿತೇನೋ ಅಂದುಕೊಂಡು ಶರಣ್ ಹತ್ತಿರ ಬಂದು ಕೂತ. ಗಂಡನ ನೆನಪೂ ಹೌದು, ಆದರೆ ಅದಷ್ಟೇ ಅಲ್ಲ ಅಂತ ಮಗನಿಗೆ ಹೇಳಲಾಗಲಿಲ್ಲ ಎಂದು ಆಮೇಲೆ ಪಕ್ಕದ ಮನೆಯ ನನ್ನ ಹತ್ತಿರ ಹೇಳಿದರು.

ಅದಾದ ಕೆಲವು ವಾರಗಳ ಮೇಲೆ ಒಬ್ಬ ಬಂದು ಗೇಟಿನ ಹೊರಗೆ ನಿಂತ. ಒಂದು ಕಣ್ಣಿನ ರೆಪ್ಪೆ ಇನ್ನೂ ಇಳಿಬಿದ್ದಿತ್ತು. ಮಾವಳ್ಳಿಯ ಮುನಿರಾಜ್ ಅಂತ, ನಿಶ್ಚಿತಾರ್ಥದ ಮನೆಯಲ್ಲಿ ಪಂಪು ಹಿಡಿದವನು. ಅವನಿಗೂ ಜೇನು ಮುತ್ತಿ ಆಸ್ಪತ್ರೆಯಲ್ಲಿದ್ದು ಬಂದಿದ್ದ. ಶರಣ್ ಅವನ ಗುರುತು ಹಿಡಿದು ಹೋಗು ಎಂದು ಗದರುತ್ತಿದ್ದಾಗ ಕಲ್ಯಾಣಮ್ಮ ಹೊರಗೆ ಬಂದರು. ಮಗನಿಗೆ ಒಳಗೆ ಹೋಗಲು ಹೇಳಿ, ಬಂದವನನ್ನು ಜಗಲಿಯ ಮೇಲೆ ಕೂರಲು ಕರೆದರು. ಅವನು ಕೂರದೆ ಕೈಕಟ್ಟಿ ನಿಂತೇ ಹೇಳಿದ.

"ಅಮ್ಮ, ಆವತ್ತು ಹೊಡೆದಿದ್ದು ನಾನೇ. ಮುಖ ತೋರಿಸ್ದೆ ಇರೋಕೆ ಆಗ್ಲಿಲ್ಲ, ಬಂದೆ."

ಕಲ್ಯಾಣಮ್ಮ, "ಅವರು ಓಡ್ಲಿಲ್ವೇನಪ್ಪ?" ಅಂದರು.

"ಓಡೋಕೆ ನೋಡಿದ್ರು ಅಮ್ಮ. ಕಾಲು ಬರ್ಲಿಲ್ಲ ಅವರಿಗೆ. ಕಾಂಪೌಂಡ್ ಗೋಡೆ ಹಿಡ್ಕೊಂಡು ಕೂತ್ಬಿಟ್ರು. ಟವಲ್ನ ಮುಖಕ್ಕೆ ಒತ್ಕೊಂಡ್ರು."

ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಎಲ್ಲರೂ ಏನೂ ನೋವಾಗಲಿಲ್ಲ, ಪ್ರಜ್ಞೆ ಇರಲಿಲ್ಲ ಅಂತ ಸಮಾಧಾನ ಹೇಳಿ ಹೋಗಿದ್ದರು. ನಿಜ ಹೇಳಿದವನು ಇವನೊಬ್ಬನೇ. ಸೆರಗಿನಿಂದ ಮುಖ ಒರೆಸಿಕೊಂಡು ಅವರು ಇನ್ನೊಂದು ಪ್ರಶ್ನೆ ಕೇಳಿದರು. ಆ ಗೂಡು ಅಲ್ಲಿ ಯಾವಾಗಿನಿಂದ ಇತ್ತು?

ಸಂಕ್ರಾಂತಿಗೂ ಮುಂಚಿನಿಂದ ಇತ್ತಂತೆ, ಅಂದ ಮುನಿರಾಜ್.

"ಅಲ್ಲೀತನಕ ಯಾರಿಗಾದ್ರೂ ಕಚ್ಚಿತ್ತಾ?"

"ಇಲ್ಲಮ್ಮ. ಒಬ್ಬರಿಗೂ ಇಲ್ಲ."

ಅಷ್ಟು ದಿನವೂ ರೇವಣಸಿದ್ದಯ್ಯನವರು ದಿನಕ್ಕೆರಡು ಸಲ ಆ ಗೂಡಿನ ಕೆಳಗೇ ಓಡಾಡಿದ್ದರು.

ಕಲ್ಯಾಣಮ್ಮ ಅವನಿಗೆ ಕಾಫಿ ಕೊಟ್ಟರು. ಕೆಲಸ ಬಿಡುತ್ತೀಯಾ ಅಂತ ಕೇಳಿದರು. ಬಿಟ್ಟರೆ ಮನೆ ನಡೆಯಲ್ಲ ಅಂದ. ಬಿಡಬೇಡ, ಆದರೆ ಜೇನಿಗೆ ಹೊಡೆಯೋಕೆ ಅಂತ ಯಾರಾದರೂ ಕರೆದರೆ ಮೊದಲು ನನಗೊಂದು ಫೋನ್ ಮಾಡು, ನಾನು ಹೋಗಿ ಅವರ ಹತ್ತಿರ ಮಾತಾಡಿ ನೋಡ್ತೀನಿ, ಆಮೇಲೆ ನೀನು ಬಾ ಅಂದರು. ಹೋಗಿ ಏನು ಮಾತಾಡಬೇಕು ಅನ್ನುವುದು ಅವರಿಗೇ ಗೊತ್ತಿರಲಿಲ್ಲ.

ನಮ್ಮ ಹಿಂದಿನ ಮನೆಯ ಪ್ರಿಯಂವದಾ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕಲ್ಯಾಣಮ್ಮ ಅವಳ ಮನೆಗೆ ಹೋಗಿ ಮಗುವಿನ ಹಾಗೆ ಕೂತು ಕೇಳಿಸಿಕೊಂಡರು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ, ಅದು ಕಾಡಿನ ಹುಳು. ಮಳೆ ಮುಗಿದ ಮೇಲೆ ಊರಿಗೆ ಬರುತ್ತದೆ, ಹೂವಿನ ಕಾಲ ಕಳೆದು ಮುಂಗಾರು ಹತ್ತಿರವಾದಾಗ ತಾನಾಗಿ ಹೋಗುತ್ತದೆ. ದೊಡ್ಡ ಮರಗಳು ಹೋದದ್ದಕ್ಕೆ ನೀರಿನ ಟ್ಯಾಂಕು, ಸಜ್ಜ ಹುಡುಕಿಕೊಂಡಿದೆ. ಹೊಗೆ, ಔಷಧಿ, ಕಲ್ಲು, ಹತ್ತಿರದ ದೀಪ ಇವು ಅದನ್ನು ಕೆರಳಿಸುತ್ತವೆ. ಊರ ಸುತ್ತಲಿನ ತೋಟಗಳಲ್ಲಿ ಹೂವು ಕಾಯಾಗುವುದರಲ್ಲಿ ಅದರ ಪಾಲು ದೊಡ್ಡದು. ಇದನ್ನೆಲ್ಲ ಹೇಳಿ ಪ್ರಿಯಂವದಾ ಇನ್ನೊಂದು ಮಾತು ಸೇರಿಸಿದಳು. ನಾನು ಹೋಗಿ ಹೇಳಿದರೆ ಜನ ಪಾಠ ಅಂದುಕೊಳ್ಳುತ್ತಾರೆ, ನೀವು ಹೇಳಿದರೆ ಕೇಳಬಹುದು.

ಮುಂದಿನ ಹಿಂಗಾರು ಕಳೆದು ಚಳಿ ಶುರುವಾದಾಗ ಮುನಿರಾಜನ ಮೊದಲ ಫೋನ್ ಬಂತು. ನಮ್ಮದೇ ರಸ್ತೆಯ ಕೊನೆಯಲ್ಲಿ ಓಬಳಪ್ಪ ಎಂಬುವರು ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತಿದ್ದರು. ಅವರ ಟ್ಯಾಂಕಿನ ಕೆಳಗೆ ಹೆಜ್ಜೇನು ಕೂತಿತ್ತು. ಕಲ್ಯಾಣಮ್ಮ ಸೀರೆ ಬದಲಾಯಿಸಿ ಹೊರಟರು. ವಿಷಯ ತಿಳಿದು ಶರಣ್ ಬಾಗಿಲಿಗೆ ಅಡ್ಡ ನಿಂತ.

"ಅಪ್ಪನ್ನ ಕೊಂದಿದ್ದು ಅವು, ಅಮ್ಮ. ಜನ ಏನಂದ್ಕೋತಾರೆ?"

"ಆವತ್ತು ಔಷಧಿ ಹೊಡೀದೆ ಇದ್ದಿದ್ರೆ ನಿಮ್ಮಪ್ಪ ಹೋಗಿ ಅಂಗಡಿ ಬಾಗಿಲು ತೆಗೀತಿದ್ರು. ನಂಗೊತ್ತಿರೋದು ಇಷ್ಟೇ ಕಣೋ. ದಾರಿ ಬಿಡು."

ಅವನು ಬಿಟ್ಟ, ಆದರೆ ಆಮೇಲೆ ಎಷ್ಟೋ ತಿಂಗಳು ಅಮ್ಮನ ಜೊತೆ ಊಟದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಕಲ್ಯಾಣಮ್ಮ ಓಬಳಪ್ಪನವರ ಬಾಗಿಲು ತಟ್ಟಿದರು. ಕಲಿತುಕೊಂಡು ಹೋಗಿದ್ದೆಲ್ಲ ಮರೆತುಹೋಗಿತ್ತು. ಕೊನೆಗೆ, "ನಮ್ಮನೆಯವರು ಜೇನು ಕಚ್ಚಿ ತೀರ್ಕೊಂಡ್ರು, ನಿಮಗೆ ಗೊತ್ತಲ್ಲ. ದಯವಿಟ್ಟು ಇವಕ್ಕೆ ಔಷಧಿ ಹೊಡೆಸ್ಬೇಡಿ" ಅಂದರು. ಓಬಳಪ್ಪನವರು ಅವರನ್ನು ಒಳಗೆ ಕರೆದರು. ಸುಡಿ ಎಂದು ಹೇಳಲು ಈ ರಸ್ತೆಯಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ಈ ಹೆಂಗಸಿಗೆ. ಅವರೇ ಬಂದು ಬೇಡ ಅನ್ನುತ್ತಿದ್ದಾರೆ. ಕೂರಿಸಿ, ನೀರು ಕೊಟ್ಟು, ಏನು ಮಾಡಬೇಕು ಹೇಳಿ ಕಲ್ಯಾಣಮ್ಮೋರೆ ಅಂದರು. ತಾರಸಿಯ ಬಾಗಿಲಿಗೆ ಬೀಗ, ಟ್ಯಾಂಕಿನ ಕಡೆಯ ದೀಪ ಆರಿಸುವುದು, ಬಟ್ಟೆ ಒಣಗಿಸಲು ಹಿತ್ತಲಲ್ಲಿ ಹಗ್ಗ. ಹಗ್ಗ ರೇವಣಸಿದ್ದಯ್ಯನವರ ಅಂಗಡಿಯಿಂದಲೇ ಬಂತು. ಬೇಸಿಗೆ ಮುಗಿಯುವವರೆಗೂ ಜೇನು ಅಲ್ಲೇ ಇದ್ದು, ಮೊದಲ ಮಳೆಗೆ ಮುಂಚೆ ಒಂದು ಬೆಳಿಗ್ಗೆ ಎದ್ದು ಹೋಯಿತು.

ಆ ಒಂದು ವರ್ಷದಲ್ಲಿ ಅವರು ಬಸವನಗುಡಿ, ಮಲ್ಲೇಶ್ವರ, ಉಪ್ಪಾರಪೇಟೆಯ ಲಾಡ್ಜುಗಳವರೆಗೂ ಹೋದರು. ಮುನಿರಾಜನ ಫೋನ್ ಬಂದರೆ ಒಲೆ ಮೇಲಿದ್ದದ್ದನ್ನು ಇಳಿಸಿ ಹೊರಡುವರು. ಎಲ್ಲ ಕಡೆಯೂ ಕೇಳಲಿಲ್ಲ. ಸಂಪಿಗೆ ರಸ್ತೆಯ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರ್ಯದರ್ಶಿ ತುಂಬ ಗೌರವದಿಂದ ಕೂರಿಸಿ, ಎಲ್ಲದಕ್ಕೂ ತಲೆಯಾಡಿಸಿ, ಮಾರನೆಯ ದಿನವೇ ಬೇರೆ ಕಂಪನಿಯಿಂದ ಹೊಡೆಸಿದರು. ಮೈದಾನದ ಬೂರುಗದ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ಅದಕ್ಕಾಗಿ ಕಲ್ಯಾಣಮ್ಮ ಕಚೇರಿಗಳಿಗೆ ಅಲೆದದ್ದು ಯಾವ ಪ್ರಯೋಜನಕ್ಕೂ ಬರಲಿಲ್ಲ. ಮರ ಉರುಳಿಸಿದ ದಿನ ನಾನೂ ಅವರ ಜೊತೆಗಿದ್ದೆ. ಅವರು ಮನೆಗೆ ನಡೆದರು. ಆಮೇಲೊಮ್ಮೆ ನಮ್ಮ ಹಳೆಯ ಕಾಂಪೌಂಡ್ ಗೋಡೆಗೆ ಗಾರೆ ಬಳಿಸುತ್ತಿದ್ದಾಗ ಓಡಿಬಂದು, ಬಿರುಕಿನಲ್ಲಿದ್ದ, ಕಚ್ಚದ ಪುಟ್ಟ ನಸರಿ ಜೇನಿನ ತೂತನ್ನು ಮುಚ್ಚದಂತೆ ಗಾರೆಯವನಿಗೆ ಬೆರಳಿಟ್ಟು ತೋರಿಸಿದರು.

ಕಷ್ಟ ಬಂದದ್ದು ಎರಡನೆಯ ವರ್ಷ, ಅದೂ ಓಬಳಪ್ಪನವರ ಹಾಸ್ಟೆಲಿನಲ್ಲೇ. ಹೆಜ್ಜೇನು ಮತ್ತೆ ಅದೇ ಟ್ಯಾಂಕಿಗೆ ಬಂದಿತ್ತು. ಫೆಬ್ರವರಿಯ ಒಂದು ಮಧ್ಯಾಹ್ನ ಜೇನುಗಿಡುಗವೊಂದು ಎರಗಿ ಎರಿಯ ಚೂರು ಕಿತ್ತುಕೊಂಡು ಹೋಯಿತು. ಹುಳುಗಳು ಎದ್ದವು. ತನ್ಮಯಿ ಎಂಬ ನರ್ಸಿಂಗ್ ವಿದ್ಯಾರ್ಥಿನಿ ಗೇಟು ತೆಗೆದು ಒಳಗೆ ಬರುತ್ತಿದ್ದಳು. ಓಡಿ ಒಳಗೆ ಸೇರಿಕೊಂಡಳಾದರೂ ತಲೆ, ಕತ್ತು, ಕೈಗೆಲ್ಲ ಕಚ್ಚಿಸಿಕೊಂಡಿದ್ದಳು. ಉಸಿರಾಡಲು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದರು.

ಇಲ್ಲಿ ಯಾರೂ ಔಷಧಿ ಹೊಡೆದಿರಲಿಲ್ಲ. ಕಲ್ಯಾಣಮ್ಮ ಹೇಳಿದಂತೆಯೇ ಎಲ್ಲ ನಡೆದಿತ್ತು. ಆದರೂ ಒಂದು ಹುಡುಗಿ ಮಲಗಿದ್ದಳು.

ಮಾರನೆಯ ದಿನ ಬೆಳಿಗ್ಗೆ ಸುದ್ದಿ ಕೇಳಿ ಕಲ್ಯಾಣಮ್ಮ ಆಸ್ಪತ್ರೆಗೆ ಹೊರಟಾಗ ಯಾರೂ ಕಳಿಸಲು ಒಪ್ಪಲಿಲ್ಲ. ಹುಡುಗಿಯ ಅಪ್ಪ ಕೋಲಾರದಿಂದ ಬಂದಿದ್ದಾರೆ, ತುಂಬ ಸಿಟ್ಟಿನಲ್ಲಿದ್ದಾರೆ, ನೀವು ಬರಬೇಡಿ ಎಂದು ಓಬಳಪ್ಪನವರೇ ಆಸ್ಪತ್ರೆಯಿಂದ ಫೋನ್ ಮಾಡಿದರು. ಕಲ್ಯಾಣಮ್ಮ ಹೋದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಂದೆಯ ಮುಂದೆ ನಿಂತು, ಆ ಗೂಡನ್ನು ತೆಗೆಸಬೇಡಿ ಅಂದವಳು ನಾನು ಎಂದರು. ಆತ ಎದ್ದುನಿಂತು ಬಾಯಿಗೆ ಬಂದಂತೆ ಬೈದರು. ಹುಳಕ್ಕಿಂತ ನನ್ನ ಮಗಳು ಕಡೆಯಾದಳಾ ಅಂದರು. ಕಲ್ಯಾಣಮ್ಮ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಔಷಧಿಯ ಮಾತನ್ನಾಗಲಿ ಗಿಡುಗದ ಮಾತನ್ನಾಗಲಿ ಎತ್ತಲಿಲ್ಲ. ಸುತ್ತ ಜನ ಸೇರಿದರು. ಯಾರೋ ಒಬ್ಬರು ಇಂಥವರನ್ನು ಪೊಲೀಸರಿಗೆ ಕೊಡಬೇಕು ಅಂದರು.

ಆಗ ಹಿಂದಿನಿಂದ ಬಂದ ಶರಣ್ ಅಮ್ಮನ ಪಕ್ಕದಲ್ಲಿ ನಿಂತುಕೊಂಡ. ವಿಷಯ ತಿಳಿದು ಕಾಲೇಜಿನಿಂದ ನೇರ ಬಂದಿದ್ದ.

"ನಮ್ಮಪ್ಪನೂ ಇದೇ ಆಸ್ಪತ್ರೇಲಿ, ಜೇನು ಕಚ್ಚೇ ಹೋದ್ರು ಸಾರ್," ಎಂದ ಆ ತಂದೆಗೆ. "ನಿಮಗೆ ಏನಾಗ್ತಿದೆ ಅಂತ ನಮಗೆ ಗೊತ್ತು. ಬೈಯೋದಿದ್ರೆ ನನ್ನ ಬೈಯಿರಿ. ಅಮ್ಮ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂದ್ ನಿಮಿಷ ಕೂರೋಕೆ ಬಿಡಿ."

ಆ ಮನುಷ್ಯ ಇಬ್ಬರನ್ನೂ ನೋಡಿ ಬೆಂಚಿನ ಮೇಲೆ ಕುಸಿದರು. ಆಮೇಲೆ ಪಕ್ಕಕ್ಕೆ ಸರಿದು ಕಲ್ಯಾಣಮ್ಮನವರಿಗೆ ಜಾಗ ಮಾಡಿಕೊಟ್ಟರು. ಸಂಜೆಗೆ ಡಾಕ್ಟರು ಬಂದು, ಹುಡುಗಿಗೆ ಅಪಾಯವಿಲ್ಲ, ಊತ ಇಳಿಯುತ್ತಿದೆ ಅಂದಾಗ ಆತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕಲ್ಯಾಣಮ್ಮ ಪಕ್ಕದಲ್ಲೇ ಇದ್ದರು. ತನ್ಮಯಿ ಮನೆಗೆ ಹೋಗುವ ತನಕ ದಿನವೂ ಗಂಜಿ ಮಾಡಿ ತಗೊಂಡು ಹೋದರು.

ಆ ಮೇಲೆ ಅವರು ತಮ್ಮ ಮಾತನ್ನು ಸ್ವಲ್ಪ ಬದಲಾಯಿಸಿಕೊಂಡರು. ಎಲ್ಲ ಗೂಡನ್ನೂ ಇದ್ದಲ್ಲೇ ಬಿಡಿ ಅನ್ನುವುದನ್ನು ಬಿಟ್ಟರು. ಗೇಟಿನ ಮೇಲೆ, ಶಾಲೆಯ ಬಾಗಿಲ ಮೇಲೆ, ಆಸ್ಪತ್ರೆಯ ಕಿಟಕಿಯ ಹತ್ತಿರ ಕೂತಿದ್ದರೆ ಎಬ್ಬಿಸಲೇಬೇಕು. ಆದರೆ ಔಷಧಿ ಬೇಡ, ಗೂಡು ಚಿಕ್ಕದಿದ್ದಾಗಲೇ ತಿಳಿದವರಿಂದ ಜೀವಸಹಿತ ಎಬ್ಬಿಸಿ ಅನ್ನತೊಡಗಿದರು. ಅಂಥವರನ್ನು ಪ್ರಿಯಂವದಾ ಹುಡುಕಿಕೊಟ್ಟಳು. ಓಬಳಪ್ಪನವರ ಗೇಟನ್ನು ಟ್ಯಾಂಕಿನಿಂದ ದೂರದ ಮೂಲೆಗೆ ಹಾಕಿಸಿದ್ದಾಯಿತು. ಇಷ್ಟಾದ ಮೇಲೂ ಓಬಳಪ್ಪನವರು ಔಷಧಿ ಹೊಡೆಸಲಿಲ್ಲ. ಯಾಕೆ ಅಂತ ನಾನು ಕೇಳಿದ್ದಕ್ಕೆ, "ಆವಮ್ಮ ಆಸ್ಪತ್ರೆಗೆ ಬರದೇ ಇದ್ದಿದ್ರೆ ಹೊಡೆಸ್ತಿದ್ದೆ" ಅಂದರು.

ಮುನಿರಾಜ್ ಇನ್ನೂ ಅದೇ ಕಂಪನಿಯಲ್ಲಿದ್ದಾನೆ. ತಿಗಣೆ, ಜಿರಳೆ, ಗೆದ್ದಲಿಗೆ ಹೊಡೆಯುತ್ತಾನೆ. ಜೇನಿನ ಕರೆ ಬಂದರೆ ಈಗಲೂ ಮೊದಲು ಫೋನ್ ಕಲ್ಯಾಣಮ್ಮನವರಿಗೆ. ಶರಣನಿಗೆ ಹೆಜ್ಜೇನಿನ ಭಯ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ರಜೆ ಇದ್ದ ದಿನ ಅಮ್ಮನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಹೆಲ್ಮೆಟ್ ತೆಗೆಯದೆ ರಸ್ತೆಯ ಆಚೆ ಬದಿಯಲ್ಲೇ ನಿಂತಿರುತ್ತಾನೆ. ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡು ರಸ್ತೆ ದಾಟಿ, ಗುರುತಿಲ್ಲದ ಮನೆಯ ಕರೆಗಂಟೆ ಒತ್ತುತ್ತಾರೆ.